ಬೇಮ್‌ಸ್ಟರ್: ಒಂದು ಸ್ಥಳನಾಮದ ಚರಿತ್ರೆ

ಸ್ಥಳನಾಮವು ಹಲವು ವೇಳೆ ತಾನು ಸೂಚಿಸುವ ವಸ್ತುವಿಗಿಂತ ದೀರ್ಘಾಯುವಾಗಿರುವುದೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆದರೆ ಒಂದೇ ಹೆಸರು ಮೊದಲು ಹೊಳೆಗೂ, ಬಳಿಕ ಸರೋವರಕ್ಕೂ, ಕಡೆಗೆ ಹೊಲಗಾವಲುಗಳಿಗೂ ಸಂದುದು ಅಪೂರ್ವ. ನೆದರ್ಲೆಂಡ್ಸ್ ದೇಶದಲ್ಲಿ ಆಂಸ್ಟರ್‌ಡ್ಯಾಮ್ ನಗರಕ್ಕೆ ಉತ್ತರದಲ್ಲಿರುವ ಬೇಮ್‌ಸ್ಟರ್ ಇದಕ್ಕೆ ನಿದರ್ಶನವಾಗಿದೆ.

‘ಬಾಮೆಸ್ತ್ರ’ ಎಂಬುದು ಮೂಲತಃ ಒಂದು ಚಿಕ್ಕ ಹೊಳೆಯ ಹೆಸರು. ಅದರ ಇಕ್ಕೆಲದ ನೆಲವು ಕೊಳೆತ ಸಸ್ಯರಾಶಿಯಿಂದಾದುದು. ಜನರು ಅದನ್ನು ಅಗೆದು ತೆಗೆದರು. ಬಿರುಗಾಳಿಯ ಪ್ರವಾಹಗಳು ಉಳಿದುದನ್ನು ಕೊರೆದುವು. 12-13ನೆಯ ಶತಮಾನಗಳಲ್ಲಿ ಹೊಳೆಯು ವಿಸ್ತಾರವಾದ ಸರೋವರವಾಯಿತು. ಹೊಳೆ ಅಳಿದರೂ ಹೆಸರು ಅಳಿಯಲಿಲ್ಲ.

1607ರಲ್ಲಿ ಡಿರ್ಕ್ ಫಾನ್ ಓಸ್ ಮೊದಲಾದ ಆಂಸ್ಟರ್‌ಡ್ಯಾಮಿನ ವರ್ತಕರು ಈ ಸರೋವರವನ್ನು ಬತ್ತಿಸಲು ಉದ್ಯುಕ್ತರಾದರು. ಸುತ್ತಲೂ ಏರಿಯನ್ನು ಕಟ್ಟಿ, ಅದರ ಹೊರಗೆ ವಲಯಾಕಾರದ ಕಾಲುವೆಯನ್ನು ತೋಡಿಸಿದರು. ಒಂದೇ ಗಾಳಿಯಂತ್ರವು ತಳದ ನೀರನ್ನು ಕಾಲುವೆಯವರೆಗೆ ಎತ್ತಲಾರದು. ಆದುದರಿಂದ ಯಂತ್ರಗಳನ್ನು ಸೋಪಾನಕ್ರಮದಲ್ಲಿ ನಿಲ್ಲಿಸಿ, ಒಂದು ಎತ್ತಿದ ನೀರನ್ನು ಮತ್ತೊಂದು ಎತ್ತುವಂತೆ ಮಾಡಿದರು. ಈ ಯಂತ್ರಕಾರ್ಯದಲ್ಲಿ ಪ್ರಮುಖನಾದವನು ಯಾನ್ ಆಡ್ರಿಯಾನ್‌ಸೋನ್ ಲೇಖ್‌ವಾಟರ್ (1575-1650). ‘ಬರಿದಾದ ನೀರು’ ಎಂಬರ್ಥವನ್ನು ಧ್ವನಿಸುವ ಇವನ ಹೆಸರು ಅನ್ವರ್ಥವೇ ಸರಿ.

1610ರಲ್ಲಿ ಬಿರುಗಾಳಿಯಿಂದ ಕಡಲೊಡ್ಡು ಒಡೆದು, ಬಹುಮಟ್ಟಿಗೆ ಬತ್ತಿದ್ದ ಸರೋವರವು ಮತ್ತೆ ತುಂಬಿತು. ಮೂರು ವರ್ಷಗಳ ಶ್ರಮವು ನೀರುಪಾಲಾಯಿತು. ಆದರೂ ಅವರು ಕೈಚೆಲ್ಲದೆ ಏರಿಯನ್ನು ಎತ್ತರಿಸಿದರು. 1612ರಲ್ಲಿ, 43 ಗಾಳಿಯಂತ್ರಗಳ ನೆರವಿನಿಂದ, ಸುಮಾರು 7,000 ಹೆಕ್ಟೇರ್ ನೆಲವು ಮೇಲೆ ತೋರಿತು. ಅದನ್ನು ಚದುರಂಗದ ಹಾಸಿನಂತೆ ಚೌಕಚೌಕವಾಗಿ ಹಸುಗೆ ಮಾಡಿದರು. ನೆಲವು ಫಲವತ್ತಾದ ಜೇಡಿಮಣ್ಣಿನದು. ಕಾಲಕ್ರಮದಲ್ಲಿ ಹೈನಿಗೆ ಹೆಸರಾಯಿತು.

ಸಾಹಿತ್ಯಾಭ್ಯಾಸಿಗಳು ಗಮನಿಸಬೇಕಾದ ಅಂಶವೊಂದುಂಟು. ಇಲ್ಲಿನ ಮಿಡೆನ್‌ಬೇಮ್‌ಸ್ಟರ್ ಗ್ರಾಮದಲ್ಲಿ ಕ್ರೈಸ್ತ ಪಾದ್ರಿಯ ಪತ್ನಿಯಾಗಿ 1759ರಿಂದ 1777ರವರೆಗೆ ಬಾಳಿದವಳು ಬೆಟ್ಯೆ ವೊಲ್ಫ್. ಆಕೆಯು ಆಖ್ಯೆ ಡೇಕೆನ್ ಎಂಬವಳೊಡನೆ ರಚಿಸಿ 1782ರಲ್ಲಿ ಪ್ರಕಟಿಸಿದ, ಪತ್ರರೂಪದ ‘ಸಾರಾ ಬುರ್ಗರ್‌ಹಾರ್ಟ್’ ಡಚ್ ಭಾಷೆಯ ಕಾದಂಬರಿಗಳಲ್ಲಿ ಅಗ್ರಗಣ್ಯವೆನಿಸಿದೆ.

1999ರಲ್ಲಿ ಬೇಮ್‌ಸ್ಟರ್ ವಿಶ್ವಪರಂಪರೆಯ ಸ್ಥಾನಗಳಲ್ಲಿ ಒಂದೆಂದು ಪರಿಗಣಿತವಾಯಿತು. 2022ರ ಆರಂಭದಲ್ಲಿ ಅದರ ಪೌರಾಡಳಿತವು ನೆರೆಯ ಪುರ್ಮರೆಂಡಿನಲ್ಲಿ ಲೀನವಾಯಿತು. ಹೊಳೆ, ಸರೋವರ, ಆಡಳಿತ ಮೂರೂ ಹೋದುವು. ಹೆಸರು ಮಾತ್ರ ನಿಂತಿದೆ. ಆದರೆ ನೆಲದ ಮಾತು ಬೇರೆ. ಅದು ಇಂದಿಗೂ ಸಮುದ್ರಮಟ್ಟಕ್ಕಿಂತ ಸುಮಾರು ಮೂರೂವರೆ ಮೀಟರ್ ಕೆಳಗಿರುವುದು. ನೀರೆತ್ತುವ ಕೆಲಸವು ನಿಂತರೆ ‘ಬೇಮ್‌ಸ್ಟರ್’ ಎಂಬ ಶಬ್ದವು ಮರಳಿ ಸರೋವರಕ್ಕೇ ವಾಚಕವಾದೀತು. ಆದುದರಿಂದ ಈ ಊರಿನ ಚರಿತ್ರೆಯು 1612ಕ್ಕೆ ಮುಗಿದುದಲ್ಲ, ದಿನದಿನವೂ ನಡೆಯುತ್ತಿರುವುದೆಂದು ತಿಳಿಯಬೇಕು.