ಪಕ್ಕವಾದ್ಯದ ಪಿಟೀಲಿಗೆ ಮಾನ ತಂದ ಚೌಡಯ್ಯ

ಪಾಶ್ಚಾತ್ಯ ವಾದ್ಯವೃಂದದಲ್ಲಿ ಮೊದಲನೆಯ ಪಿಟೀಲುಗಾರನೇ ಉಳಿದ ವಾದಕರಿಗೆ ಮುಖಂಡ. ನಮ್ಮ ಕಚೇರಿಗಳಲ್ಲಿ ಪಿಟೀಲಿಗೆ ದೊರೆತದ್ದು ಪಕ್ಕವಾದ್ಯದ ಸ್ಥಾನ. ಆ ಸ್ಥಾನದಲ್ಲಿ ಕುಳಿತೇ ನಾಡಿಗೆಲ್ಲ ಹೆಸರಾದವರು ಮೈಸೂರು ಟಿ. ಚೌಡಯ್ಯನವರು.

ತಿರುಮಕೂಡಲು ನರಸೀಪುರದಲ್ಲಿ 1895ರಲ್ಲಿ ಜನಿಸಿದ ಅವರು ಬಿಡಾರಂ ಕೃಷ್ಣಪ್ಪನವರಲ್ಲಿ ಗುರುಕುಲವಾಸ ಮಾಡಿ ಕಲಿತರು. ಅದು ಧ್ವನಿವರ್ಧಕವಿಲ್ಲದ ಕಾಲ. ಹಿಂದೆ ಕುಳಿತವರಿಗೆ ಪಿಟೀಲಿನ ನಾದ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು ಇದ್ದ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಕೂಡಿಸಿ, 1927ರ ಹೊತ್ತಿಗೆ ಏಳು ತಂತಿಯ ಪಿಟೀಲನ್ನು ಕಚೇರಿಗೆ ತಂದರು. ಬೆರಳಿಗೆ ಶ್ರಮ ಹೆಚ್ಚಿತು. ನಾದ ಸಭೆಯನ್ನೆಲ್ಲ ತುಂಬಿತು.

ಕೇರಳದ ಚೆಂಬೈ ವೈದ್ಯನಾಥ ಭಾಗವತರ ಹಾಡಿಗೆ ಇವರ ಪಿಟೀಲು ಎಂದರೆ ದಕ್ಷಿಣದಲ್ಲೆಲ್ಲ ಜನ ಕಿಕ್ಕಿರಿಯುತ್ತಿದ್ದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ 'ಸಂಗೀತ ಕಲಾನಿಧಿ' ಬಿರುದು ಅವರಿಗೆ ಸಂದಿತು. ಅವರು 1967ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ತೆರೆಯಿತು.

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡಿಗರಿಗೂ ಕಾಸರಗೋಡಿನ ನಮಗೂ ಮನೆಯ ಭಾಷೆ ಒಂದು, ರಾಜ್ಯದ ಭಾಷೆ ಇನ್ನೊಂದು. ಹಾಗೆ ನೋಡಿದರೆ ನಮ್ಮದೂ ಪಕ್ಕದ ಸ್ಥಾನವೇ. ಅವರ ಮಕ್ಕಳು ಮರಾಠಿಯನ್ನೂ ನಮ್ಮ ಮಕ್ಕಳು ಮಲೆಯಾಳವನ್ನೂ ಚೆನ್ನಾಗಿ ಕಲಿಯಲಿ. ಆದರೆ ಚೌಡಯ್ಯನವರು ಹೊಸ ತಂತಿ ಬಿಗಿದಾಗ ಹಳೆಯದನ್ನು ಕಳಚಿರಲಿಲ್ಲ ಎಂಬುದನ್ನು ಹೆತ್ತವರು ಮರೆಯಬಾರದು.