ಲೋಹದ ಹರಳುಗಳೂ ಅವುಗಳ ದಿಕ್ಕೂ

ಅಲ್ಯುಮಿನಿಯಂ ತಗಡಿನಿಂದ ಗುಂಡಗೆ ಕತ್ತರಿಸಿದ ಬಿಲ್ಲೆಯನ್ನು ಅಚ್ಚಿನಲ್ಲಿಟ್ಟು ಒತ್ತಿ ಬಟ್ಟಲು ಮಾಡಿದಾಗ, ಅದರ ಅಂಚು ಸಮನಾಗಿರದೆ ಅನೇಕವೇಳೆ ನಾಲ್ಕು ಕಡೆಗಳಲ್ಲಿ ಏರಿ ನಿಲ್ಲುವುದುಂಟು. ಈ ಏರುಗಳಿಗೆ ಕಿವಿಗಳೆಂದು ಹೆಸರು. ಅವನ್ನು ಕತ್ತರಿಸಿ ತೆಗೆಯಬೇಕಾಗುವುದರಿಂದ ಲೋಹವು ವ್ಯರ್ಥವಾಗುತ್ತದೆ. ಬಿಲ್ಲೆಯೂ ಗುಂಡು, ಅಚ್ಚೂ ಗುಂಡು. ಆದರೂ ಕಿವಿಗಳು ಮೂಡುವುದೇಕೆ?

ಲೋಹವೆಂಬುದು ಅಸಂಖ್ಯ ಸಣ್ಣ ಹರಳುಗಳ ಒಟ್ಟಿಲು. ಪ್ರತಿಯೊಂದು ಹರಳಿನಲ್ಲಿಯೂ ಪರಮಾಣುಗಳು ಕ್ರಮವಾದ ಜಾಲದಲ್ಲಿ ನಿಂತಿವೆ. ಆದರೆ ಆ ಜಾಲವು ತಿರುಗಿರುವ ದಿಕ್ಕು ಹರಳಿನಿಂದ ಹರಳಿಗೆ ಬೇರೆ. ಬಲವನ್ನು ಹೇರಿದಾಗ ಹರಳು ಜೇಡಿಮಣ್ಣಿನಂತೆ ಬೇಕಾದತ್ತ ಬಾಗದು. ಪರಮಾಣುಗಳು ಒತ್ತಾಗಿ ನೆಲೆಸಿದ ಕೆಲವೇ ತಲಗಳ ಮೇಲೆ, ಕೆಲವೇ ದಿಕ್ಕುಗಳಲ್ಲಿ, ಪದರಗಳು ಜಾರುತ್ತವೆ. ಅಲ್ಯುಮಿನಿಯಂ, ತಾಮ್ರಗಳಲ್ಲಿ ಇಂಥ ತಲಗಳು 4. ಒಂದೊಂದರಲ್ಲಿಯೂ ದಿಕ್ಕುಗಳು 3. ಹೀಗೆ ಜಾರುವ ಬಗೆಗಳು ಒಟ್ಟು 12.

ಒಂಟಿ ಹರಳನ್ನು ಎರಡು ತುದಿಗಳಲ್ಲಿ ಹಿಡಿದು ಎಳೆದರೆ, ಪದರಗಳು ಓರೆಯಾಗಿ ಜಾರಿ ತುದಿಗಳು ಪಕ್ಕಕ್ಕೆ ಸರಿಯಬೇಕು. ಹಿಡಿತವು ಅದಕ್ಕೆ ಎಡೆಗೊಡದು. ಆದಕಾರಣ ಜಾಲವೇ ತಿರುಗಿ, ಜಾರುವ ದಿಕ್ಕು ಎಳೆತದ ದಿಕ್ಕಿನ ಕಡೆಗೆ ಸರಿಯುತ್ತದೆ. 1923ರಲ್ಲಿ ಇಂಗ್ಲೆಂಡಿನ ಜಿ. ಐ. ಟೇಲರ್ ಮತ್ತು ಈಲಮ್ ಅವರು ಅಲ್ಯುಮಿನಿಯಂ ಹರಳುಗಳನ್ನು ಎಳೆದು, ಎಕ್ಸ್-ಕಿರಣಗಳ ನೆರವಿನಿಂದ ಈ ತಿರುವನ್ನು ಗುರುತಿಸಿದರು.

ತಗಡಿನೊಳಗಿನ ಹರಳಿಗೆ ಅದರ ನೆರೆಹೊರೆಯೇ ಹಿಡಿತ. ನಡುವೆ ಬಿರುಕು ಬಿಡದೆ ಎಲ್ಲವೂ ಒಟ್ಟಾಗಿ ರೂಪ ಬದಲಿಸಬೇಕು. ರೂಪದ ಬದಲಾವಣೆಗೆ ಅಂಶಗಳು 6. ಘನಗಾತ್ರವು ಬದಲಾಗದೆಂಬುದರಿಂದ ಸ್ವತಂತ್ರವಾದವು 5. ಆದುದರಿಂದ ಪ್ರತಿ ಹರಳಿನಲ್ಲಿಯೂ ಪರಸ್ಪರ ಸ್ವತಂತ್ರವಾದ 5 ಬಗೆಯ ಜಾರಿಕೆಗಳಾದರೂ ನಡೆಯಬೇಕೆಂಬ ಆಧಾರದ ಮೇಲೆ ಟೇಲರ್ 1938ರಲ್ಲಿ ಲೆಕ್ಕ ಹಾಕಿದರು. ಜಾರಿಕೆಯಿಂದ ಒದಗುವ ಚಲನೆಗೂ ನೆರೆಹೊರೆ ಬೇಡುವ ಚಲನೆಗೂ ಇರುವ ಅಂತರವನ್ನು ಜಾಲದ ತಿರುವು ತುಂಬುತ್ತದೆ. ಉರುಳೆಗಳ ನಡುವೆ ತಗಡು ಮತ್ತೆ ಮತ್ತೆ ಹಾಯ್ದಂತೆ, ಚದರಿದ್ದ ದಿಕ್ಕುಗಳು ಕೆಲವೇ ಸ್ಥಿರ ನೆಲೆಗಳ ಸುತ್ತ ಕೂಡುತ್ತವೆ. ಇದನ್ನು ಲೋಹದ ನೇಯ್ಗೆ ಎನ್ನಬಹುದು.

ಕಿವಿಗಳು ಈ ನೇಯ್ಗೆಯ ಫಲ. ತಣ್ಣಗೆ ಉರುಳಿಸಿದ ಅಲ್ಯುಮಿನಿಯಂ ತಗಡಿನಲ್ಲಿ ಅವು ಉರುಳಿಕೆಯ ದಿಕ್ಕಿಗೆ 45 ಡಿಗ್ರಿಯಲ್ಲಿ ಏಳುತ್ತವೆ. ಕಾಯಿಸಿದಾಗ ಹುಟ್ಟುವ ಹೊಸ ಹರಳುಗಳಲ್ಲಿ ಘನದ ಅಂಚುಗಳು ಉರುಳಿಕೆಯ ದಿಕ್ಕಿಗೆ ಹೊಂದಿ ನಿಂತರೆ, ಕಿವಿಗಳು 0 ಮತ್ತು 90 ಡಿಗ್ರಿಗಳಿಗೆ ಸರಿಯುತ್ತವೆ. ಎರಡನ್ನೂ ತೂಗಿಸಿ ಪಾನೀಯದ ಡಬ್ಬಿಗಳ ತಗಡನ್ನು ಸಿದ್ಧಪಡಿಸುತ್ತಾರೆ.

ನೇಯ್ಗೆಯನ್ನು ಬೇಕೆಂದೇ ಬೆಳೆಸುವುದೂ ಉಂಟು. ಕಬ್ಬಿಣವು ಘನದ ಅಂಚಿನ ದಿಕ್ಕಿನಲ್ಲಿ ಅತ್ಯಂತ ಸುಲಭವಾಗಿ ಕಾಂತವಾಗುತ್ತದೆ. ಸುಮಾರು 3 ಶೇಕಡಾ ಸಿಲಿಕಾನ್ ಬೆರೆತ ಉಕ್ಕನ್ನು ಉರುಳಿಸಿ ಕಾಯಿಸಿ, ಆ ಅಂಚನ್ನು ತಗಡಿನ ಉದ್ದಕ್ಕೆ ತರುವ ವಿಧಾನಕ್ಕೆ ಅಮೆರಿಕದ ಗಾಸ್ 1934ರಲ್ಲಿ ಪೇಟೆಂಟ್ ಪಡೆದರು. ವಿದ್ಯುತ್ತನ್ನು ದೂರದ ನಗರಗಳಿಗೆ ಸಾಗಿಸುವ ದೊಡ್ಡ ಟ್ರಾನ್ಸ್‌ಫಾರ್ಮರುಗಳ ತಿರುಳು ಇಂದಿಗೂ ಇಂಥ ತಗಡಿನದೇ; ಅದರಿಂದ ಬಿಸಿಯಾಗಿ ಪೋಲಾಗುವ ಶಕ್ತಿ ಕಡಿಮೆಯಾಗಿದೆ.