ಹೆಣ್ಣುಮಕ್ಕಳಿಗೆ ರತ್ನಗಳ ಹೆಸರು

ಮಗು ಹುಟ್ಟಿದ ಹನ್ನೊಂದನೆಯ ಇಲ್ಲವೆ ಹನ್ನೆರಡನೆಯ ದಿನ, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಹೆಸರನ್ನು ಬರೆದು, ಅದನ್ನು ಶಿಶುವಿನ ಕಿವಿಯಲ್ಲಿ ಉಸುರುವ ಪದ್ಧತಿಯು ಮೈಸೂರಿನ ಅನೇಕ ಮನೆಗಳಲ್ಲಿ ನಡೆದುಬಂದಿದೆ. ಹಾಗೆ ಬರೆಯುತ್ತಿದ್ದ ಹೆಸರುಗಳಲ್ಲಿ ರತ್ನಗಳಿಗೆ ಸಂಬಂಧಿಸಿದವು ಹಿಂದೆ ಬಹಳವಾಗಿದ್ದುವು. ರತ್ನಮ್ಮ, ಮುತ್ತಮ್ಮ, ನೀಲಮ್ಮ, ಮಾಣಿಕ್ಯಮ್ಮ, ಮರಕತಮ್ಮ ಇವೆಲ್ಲವೂ ನಮ್ಮ ಅಜ್ಜಿ ಮುತ್ತಜ್ಜಿಯರ ಹೆಸರುಗಳು. ಈಚೀಚೆಗೆ ಇವನ್ನು ಹಳೆಯವೆಂದು ಬದಿಗಿರಿಸಿ, ಪರದೇಶದ ಹೊಸ ಹೆಸರುಗಳನ್ನು ಅರಸುವ ತಾಯಿತಂದೆಗಳುಂಟು. ಅಂಥವರು ಒಮ್ಮೆ ಗ್ರೀಕರ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಏನೆಂದು ಕರೆಯುವರೆಂಬುದನ್ನು ನೋಡಬೇಕು.

ಗ್ರೀಸಿನಲ್ಲಿ ಮಾರ್ಗರೀಟ ಎಂಬ ಹೆಸರು ಪ್ರಸಿದ್ಧವಾದುದು. ಅದರ ಮೂಲವಾದ ಪುರಾತನ ಶಬ್ದಕ್ಕೆ ಮುತ್ತು ಎಂದು ಅರ್ಥ. ಇಂಗ್ಲಿಷರ ಮಾರ್ಗರೆಟ್ ಬಂದುದೂ ಅದರಿಂದಲೇ. ಸ್ಮರಾಗ್ದ ಎಂಬವಳು ಪಚ್ಚೆ, ಜಫೀರಿಯ ನೀಲ, ರುಬೀನಿ ಮಾಣಿಕ್ಯ, ದಿಯಮಾಂಡೊ ವಜ್ರ, ಕೊರಾಲಿಯ ಹವಳ. ನಮ್ಮ ಮುತ್ತಮ್ಮ ನೀಲಮ್ಮರಿಗೆ ಇವರು ಅಕ್ಕತಂಗಿಯರೇ ಸರಿ.

ಹೋಲಿಕೆಯು ಅರ್ಥಮಾತ್ರದಲ್ಲಿಯೇ ನಿಲ್ಲುವುದಿಲ್ಲ. ಸಂಸ್ಕೃತದ ಮರಕತ ಶಬ್ದವು ಗ್ರೀಕರ ಸ್ಮರಾಗ್ದೋಸ್ ಎಂಬುದರಿಂದ ಬಂದುದೆಂದು ಅನೇಕ ವಿದ್ವಾಂಸರ ಮತ. ಹಾಗಾದರೆ ಮರಕತಮ್ಮನೂ ಸ್ಮರಾಗ್ದಳೂ ಒಂದೇ ಹೆಸರಿನವರು! ಪಡೆದುದಕ್ಕೆ ಪ್ರತಿಯಾಗಿ ನಮ್ಮವರು ಕೊಟ್ಟುದೂ ಉಂಟು. ವೈಡೂರ್ಯದ ಪ್ರಾಕೃತರೂಪವಾದ ವೇಳುರಿಯ ಎಂಬುದು ಗ್ರೀಕರಲ್ಲಿ ಬೇರುಲ್ಲೋಸ್ ಆಯಿತು; ಇಂಗ್ಲಿಷ್ ಹೆಂಗಸರ ಬೆರಿಲ್ ಎಂಬ ಹೆಸರು ಇದರ ಸಂತತಿ. ಈಗ ನವರತ್ನದ ಉಂಗುರದಲ್ಲಿ ವೈಡೂರ್ಯವೆಂದು ಕೂರಿಸುವುದು ಬೆಕ್ಕಿನ ಕಣ್ಣಿನಂತೆ ಹೊಳೆಯುವ ಕಲ್ಲನ್ನು. ಪೂರ್ವದಲ್ಲಿ ಆ ಹೆಸರು ತಿಳಿಹಸುರು ನೀಲಿಯ ಬೆರಿಲ್ ಕಲ್ಲಿಗೆ ಸಲ್ಲುತ್ತಿದ್ದಿತು.

ಈ ಕಲ್ಲಿನ ಕಥೆಯು ಮೈಸೂರಿನ ಸಮೀಪಕ್ಕೇ ಬರುತ್ತದೆ. ಕ್ರಿ. ಶ. 2ನೆಯ ಶತಮಾನದಲ್ಲಿದ್ದ ಭೂಗೋಳಜ್ಞನಾದ ಟಾಲೆಮಿಯು, ಬೆರಿಲ್ ದೊರೆಯುವ ಪೌನ್ನಾಟ ಎಂಬ ಸ್ಥಳವನ್ನು ಗ್ರೀಕ್ ಭಾಷೆಯ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಇದು ಪುನ್ನಾಟವೆಂದು ಇತಿಹಾಸಜ್ಞರು ಗುರುತಿಸಿದ್ದಾರೆ. ಪುನ್ನಾಟದ ಅರಸರ ರಾಜಧಾನಿಯಾಗಿದ್ದ ಕೀರ್ತಿಪುರವೇ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ, ಕಪಿಲಾನದಿಯ ತೀರದ ಕಿತ್ತೂರು.

ಮತ್ತೊಂದು ವಿಷಯದಲ್ಲಿಯೂ ಗ್ರೀಕರು ನಮ್ಮನ್ನು ಹೋಲುತ್ತಾರೆ. ಮೊದಲ ಮಕ್ಕಳಿಗೆ ಅಜ್ಜ ಅಜ್ಜಿಯರ ಹೆಸರನ್ನಿಡುವುದು ಅವರ ವಾಡಿಕೆ. ಅದರಿಂದ ಸ್ಮರಾಗ್ದ ಎಂಬ ಹೆಸರು ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಇಂದಿಗೂ ಉಳಿದಿದೆ. ನಮ್ಮಲ್ಲಿಯೂ ಮೊಮ್ಮಗಳಿಗೆ ಅಜ್ಜಿಯ ಹೆಸರನ್ನಿಟ್ಟು, ಅತ್ತೆಯ ಹೆಸರನ್ನು ಸೊಸೆಯು ಬಾಯಿಬಿಟ್ಟು ಕೂಗಬಾರದೆಂದು, ಮಗುವನ್ನು ಪುಟ್ಟಿ, ಅಮ್ಮಣ್ಣಿ ಎಂದು ಕರೆಯುತ್ತಿದ್ದರು. ಆ ವಾಡಿಕೆ ಸಡಿಲಿದ ಮನೆಗಳಲ್ಲಿ ಮರಕತಮ್ಮನ ಹೆಸರು ಹಳೆಯ ಪತ್ರಗಳಲ್ಲಿ ಮಾತ್ರ ಉಳಿಯುತ್ತದೆ. ಹೆಸರನ್ನು ಕೂಗುವವರಿಲ್ಲದ ಮನೆಯಲ್ಲಿ, ಆಕೆ ಯಾರು, ಹೇಗೆ ಬಾಳಿದಳು ಎಂದು ಕೇಳುವ ಮಕ್ಕಳೂ ಇರುವುದಿಲ್ಲ.

ಹೆಸರು ಉದ್ದವೆನಿಸಿದರೆ ಮೊಟಕುಮಾಡಲು ಅಡ್ಡಿಯೇನು? ನೀಲ, ಮುಕ್ತ, ಮರಕತ, ಮಾಣಿಕ್ಯ ಇವು ಶಾಲೆಯ ಹಾಜರಿಯಲ್ಲಿ ಕರೆಯುವುದಕ್ಕೂ ಸೊಗಸಾಗಿವೆ. 12ನೆಯ ಶತಮಾನದಲ್ಲಿ ವಚನಗಳನ್ನು ರಚಿಸಿದ, ಬಸವಣ್ಣನವರ ಪತ್ನಿ ನೀಲಾಂಬಿಕೆಯ ಹೆಸರಿನಲ್ಲಿಯೂ ಆ ನೀಲವುಂಟು. ಆದುದರಿಂದ ಗೃಹಸ್ಥರು ಮಗಳಿಗೆ ಹೆಸರನ್ನು ಆರಿಸುವಾಗ, ದೂರ ಹೋಗುವುದಕ್ಕೆ ಮೊದಲು ಮನೆಯ ಹಿರಿಯರನ್ನು ಕುಳ್ಳಿರಿಸಿಕೊಂಡು ಅವರ ತಾಯಿ, ಅಜ್ಜಿಯರ ಹೆಸರುಗಳನ್ನು ಕೇಳಿ ಬರೆದುಕೊಳ್ಳಲಿ. ಬೇಕಾದ ರತ್ನವು ಆ ಪಟ್ಟಿಯಲ್ಲಿಯೇ ದೊರೆತೀತು.